ಅಜ್ಜಿಗೆ ಹಿಡಿಸದ ಎಣ್ಣೆ

"ಆ ಡಬ್ಬ ಕೆಳಗಿಡಿ."

ಗ್ಯಾರೇಜಿನಲ್ಲಿ ಅವಳು ಇಂಜಿನ್ ಎಣ್ಣೆಯ ಡಬ್ಬದ ಮುಚ್ಚಳ ತಿರುಗಿಸುತ್ತಿದ್ದಳು. ಮಸಿ ಮೆತ್ತಿದ ಕೈಯೊಂದು ಅಡ್ಡ ಬಂತು. ಅವಳನ್ನು ಮುಟ್ಟಲಿಲ್ಲ, ಆದರೆ ಸರಿಯಲೂ ಇಲ್ಲ.

"ಅಂಗಡಿಯಲ್ಲಿ ಇದೇ ಎಲ್ಲಕ್ಕಿಂತ ಒಳ್ಳೇದು ಅಂದ್ರು," ಎಂದಳು.

"ಒಳ್ಳೇದೇ. ಹೋದ ವರ್ಷ ಹುಟ್ಟಿದ ಗಾಡಿಗೆ," ಎಂದ ಮೆಕ್ಯಾನಿಕ್. "ಇವಳಿಗೆ ಅರವತ್ತು ದಾಟಿದೆ. ಇಷ್ಟು ತೆಳು ಎಣ್ಣೆ ಹಾಕಿದ್ರೆ ಹಳೇ ಸೀಲ್ ತಡೆಯಲ್ಲ, ಎಲ್ಲಾ ಸೋರಿಹೋಗುತ್ತೆ. ಅಜ್ಜಿಗೆ ಓಟದ ಬೂಟು ತಂದಿದ್ದೀರಿ."

ಅಜ್ಜಿ! ಅಪ್ಪನೂ ಈ ಕಾರನ್ನು ಹಾಗೇ ಕರೆಯುತ್ತಿದ್ದರು. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕಣ್ಣು ತುಂಬಿಕೊಳ್ಳುತ್ತಿದ್ದರು. ಅವಳಿಗೆ ಏನೂ ಆಗಲಿಲ್ಲ.

ಅದೇ ನೋಡಿ ಅವಳ ತೊಂದರೆ. ಅಪ್ಪ ಹೋಗಿ ನಾಲ್ಕು ತಿಂಗಳಾಗಿತ್ತು, ಒಂದು ಹನಿ ಕಣ್ಣೀರು ಬಂದಿರಲಿಲ್ಲ. ಅತ್ತಿಗೆ 'ಕಲ್ಲು ಮನಸ್ಸು' ಎಂದು ಆಡಿಕೊಂಡದ್ದೂ ಕಿವಿಗೆ ಬಿದ್ದಿತ್ತು. ಅದಕ್ಕೂ ಏನೂ ಅನ್ನಿಸಿರಲಿಲ್ಲ.

ಆಸ್ಪತ್ರೆಯಲ್ಲಿ ಜನರನ್ನು ಗಾಜಿನ ಕೋಣೆಯಲ್ಲಿ ಕೂರಿಸಿ ಕಿವಿ ಪರೀಕ್ಷೆ ಮಾಡುವುದು ಅವಳ ಕೆಲಸ. 'ಶಬ್ದ ಕೇಳಿಸಿದ ತಕ್ಷಣ ಬೆರಳೆತ್ತಿ' ಎಂದು ದಿನಕ್ಕೆ ಇಪ್ಪತ್ತು ಸಲ ಹೇಳಬೇಕು. ಈಗೀಗ ಅವಳೇ ಆ ಗಾಜಿನ ಕೋಣೆಯೊಳಗೆ ಕೂತಂತಿತ್ತು. ಎಲ್ಲ ಕೇಳಿಸುತ್ತಿತ್ತು... ಬೆರಳು ಮಾತ್ರ ಏಳುತ್ತಿರಲಿಲ್ಲ.

ಮೆಕ್ಯಾನಿಕ್ ಹಳೇ ಎಣ್ಣೆ ಇಳಿಸಿ, ತನ್ನ ಕಪಾಟಿನಿಂದ ದಪ್ಪ ಎಣ್ಣೆ ತಂದು ಸುರಿದ. ಡಬ್ಬದ ಮೇಲಿನ ಎರಡು ಸಂಖ್ಯೆ ತೋರಿಸಿ, ಮೊದಲನೆಯದು ಚಳಿಯಲ್ಲಿ ಎಣ್ಣೆ ಹೇಗೆ ಹರಿಯುತ್ತದೆ ಎನ್ನುವುದಕ್ಕೆ, ಎರಡನೆಯದು ಕಾದ ಮೇಲೂ ಎಷ್ಟು ಗಟ್ಟಿ ನಿಲ್ಲುತ್ತದೆ ಎನ್ನುವುದಕ್ಕೆ ಎಂದ. ಆಮೇಲೆ ಇಂಜಿನ್ ಚಾಲೂ ಮಾಡಿ, ಉದ್ದನೆಯ ಮರದ ಕಡ್ಡಿಯ ಒಂದು ತುದಿ ಅದಕ್ಕೆ ತಾಕಿಸಿ, ಇನ್ನೊಂದಕ್ಕೆ ಕಿವಿಗೊಟ್ಟು ಕಣ್ಣು ಮುಚ್ಚಿದ. ಈ ಎಣ್ಣೆಗಾದರೆ ಸೀಲ್ ಇನ್ನೊಂದು ವರ್ಷ ಬಾಳುತ್ತದೆ, ಪ್ರತಿ ಭಾನುವಾರ ಅರ್ಧ ಗಂಟೆ ಓಡಿಸಿ, ಎಣ್ಣೆ ಕಡಿಮೆಯಾದರೆ ಇಲ್ಲಿಗೇ ತನ್ನಿ ಎಂದು ಕಳಿಸಿದ.

ಮನೆಗೆ ಬಂದ ಮೇಲೆ ಕಡ್ಡಿಗೆ ಕಿವಿಗೊಟ್ಟ ಆ ಮುಖ ನೆನಪಾಯಿತು. ಯಾಕೋ ಏನೋ ಎಂದುಕೊಂಡು ಸುಮ್ಮನಾದಳು.

ಆರನೇ ಭಾನುವಾರ ಎಣ್ಣೆ ಒಂದು ಬೆರಳು ಇಳಿದಿತ್ತು. ಗ್ಯಾರೇಜಿಗೆ ರಜೆ. ಶೆಡ್ಡಿನ ಹಲಗೆಯ ಮೇಲೆ ಆ ತೆಳು ಎಣ್ಣೆಯ ಡಬ್ಬವಿತ್ತು. ಅವನು ಬೇಡ ಎಂದದ್ದು ನೆನಪಿರಲಿಲ್ಲ ಎಂದರೆ ಸುಳ್ಳು. ನೆನಪಿತ್ತು, ಮನಸ್ಸಿಗೆ ತಾಕಲಿಲ್ಲ, ಅಷ್ಟೇ. 'ಸ್ವಲ್ಪ ತಾನೇ...' ಎಂದುಕೊಂಡು ಸುರಿದಳು.

ಮುಂದಿನ ವಾರ ಎಣ್ಣೆ ಇನ್ನೂ ಇಳಿದಿತ್ತು. ಮತ್ತೆ ಸುರಿದಳು. ನೆಲದ ಮೇಲಿನ ಕಪ್ಪು ಕಲೆ ಅಗಲವಾಗುತ್ತಿದೆ ಎಂದು ಕಂಡಾಗ ಅದರ ಮೇಲೊಂದು ಗೋಣಿಚೀಲ ಹಾಸಿದಳು. ಡಬ್ಬ ಖಾಲಿಯಾದ ಭಾನುವಾರ, ಬೀದಿಯ ತಿರುವಿನಲ್ಲಿ ಅಜ್ಜಿ ಕಟಕಟ ಎಂದು ಹಲ್ಲು ಕಡಿದು ನಿಂತುಬಿಟ್ಟಳು.

ಮರುದಿನ ಅಣ್ಣ ಅವಳನ್ನೂ ಕರೆದುಕೊಂಡು, ಕಾರನ್ನು ಎಳೆಸಿಕೊಂಡು ಗ್ಯಾರೇಜಿಗೆ ಬಂದ. ಮೆಕ್ಯಾನಿಕ್‌ಗೆ ಬಾಯಿಗೆ ಬಂದಂತೆ ಬೈದ. ಅಪ್ಪ ಮೂವತ್ತು ವರ್ಷ ಕಾಪಾಡಿದ್ದನ್ನು ಎರಡು ತಿಂಗಳಲ್ಲಿ ಕೊಂದೆಯಲ್ಲಯ್ಯಾ ಎಂದ.

ಮೆಕ್ಯಾನಿಕ್ ಅವಳ ಕಡೆ ತಿರುಗಿ ಒಂದೇ ಮಾತು ಕೇಳಿದ. "ಬೇರೆ ಎಣ್ಣೆ ಏನಾದರೂ ಹಾಕಿದ್ರಾ?"

"ಅವಳಿಗೆ ಬಾನೆಟ್ ತೆಗೆಯೋಕೂ ಬರಲ್ಲ," ಎಂದ ಅಣ್ಣ.

ಮೆಕ್ಯಾನಿಕ್ ಒಂದು ಕ್ಷಣ ಅವಳನ್ನೇ ನೋಡಿ ತಲೆ ತಗ್ಗಿಸಿದ. "ಹಾಗಾದ್ರೆ ತಪ್ಪು ನನ್ನದೇ. ಸೀಲ್ ಬಾಳುತ್ತೆ ಅಂದಿದ್ದು ನಾನು."

ಕುಂಬಳಕಾಯಿ ಕಳ್ಳ ಎಂದರೆ ಕದ್ದವನು ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನಂತೆ. ಇಲ್ಲಿ ಕದಿಯದವನು ಹೆಗಲು ಮುಟ್ಟಿಕೊಂಡ. ಕದ್ದವಳು ಕಂಬದ ಹಾಗೆ ನಿಂತಿದ್ದಳು.

ಕೆಲಸ ಹೇಗೆ ನಡೆದಿದೆ ನೋಡಿಕೊಂಡು ಬಾ ಎಂದು ಅಣ್ಣ ಅವಳನ್ನು ದಿನಾ ಸಂಜೆ ಕಳಿಸುತ್ತಿದ್ದ. ಅವಳು ಒಂದು ಸ್ಟೂಲಿನ ಮೇಲೆ ಕೂರುವಳು. ಅವನು ಇಂಜಿನ್ ಬಿಚ್ಚಿ, ಒಂದೊಂದೇ ಭಾಗ ಒರೆಸಿ ಬಟ್ಟೆಯ ಮೇಲೆ ಜೋಡಿಸುವನು. ಬಿಗಿ ಮಾಡಿದ ನಟ್ಟನ್ನು ಮತ್ತೆ ಬಿಚ್ಚಿ, ಮತ್ತೆ ಬಿಗಿ ಮಾಡುವನು. ಆಮೇಲೊಂದು ದಿನ, ಅವಳಪ್ಪ ಬಿಡಿಭಾಗ ಕೊಳ್ಳಲು ಬಂದಾಗಲೆಲ್ಲ ಇವನ ಕೆಲಸದಲ್ಲಿ ಒಂದು ತಪ್ಪಾದರೂ ಹುಡುಕದೆ ಹೋಗುತ್ತಿರಲಿಲ್ಲ, ತಪ್ಪು ಸಿಗದ ದಿನ ಗ್ಯಾರೇಜಿನ ಗಡಿಯಾರ ಐದು ನಿಮಿಷ ಮುಂದಿದೆ ಎಂದು ಬೈದು ಹೋಗುತ್ತಿದ್ದರು ಎಂದ.

ಅವಳು ನಕ್ಕುಬಿಟ್ಟಳು. ನಕ್ಕದ್ದಕ್ಕೆ ತಾನೇ ಬೆಚ್ಚಿದಳು.

ಅಂದಿನಿಂದ ಮಧ್ಯಾಹ್ನ ಮೂರಾದರೆ ಸಾಕು, ಆಸ್ಪತ್ರೆಯಲ್ಲಿ ಅವಳ ಕಣ್ಣು ಗಡಿಯಾರದ ಕಡೆಗೇ. ಹೇಳಿಬಿಡಬೇಕು ಎಂದು ಹೊರಡುವಳು. ಸ್ಟೂಲಿನ ಮೇಲೆ ಕೂತ ಮೇಲೆ, ಇವತ್ತೊಂದು ದಿನ ಹೀಗೇ ಇರಲಿ... ಎನ್ನಿಸುವುದು.

ಹೀಗೆ ಒಂದು ತಿಂಗಳು ಕಳೆಯಿತು. ಒಂದು ಸಂಜೆ, ಗ್ಯಾರೇಜಿನ ಮುಂಭಾಗದಲ್ಲಿ ಬಿಡಿಭಾಗ ಮಾರುವ ಮೆಕ್ಯಾನಿಕ್‌ನ ಅಕ್ಕ ಅವಳನ್ನು ಪಕ್ಕಕ್ಕೆ ಕರೆದರು. ತಮ್ಮ ಇನ್ನು ಹಳೇ ಗಾಡಿಗಳ ಕೆಲಸ ಬಿಟ್ಟುಬಿಡುತ್ತಾನಂತೆ, ವಕೀಲರ ಕಾರನ್ನು ಬಾಗಿಲಿನಿಂದಲೇ ವಾಪಸ್ ಕಳಿಸಿದ, ಹನ್ನೆರಡನೇ ವಯಸ್ಸಿನಿಂದ ಇದೇ ಅವನ ಉಸಿರು ಎಂದರು.

"ನನ್ನ ಅಂದಾಜಿನ ಮೇಲೆ ನನಗೇ ನಂಬಿಕೆ ಇಲ್ಲ ಅಂತಾನಮ್ಮಾ. ನೀನಾದ್ರೂ ಒಂದು ಮಾತು ಹೇಳು."

ಅವಳ ಎದೆಯಲ್ಲಿ ಏನೋ ಚುಚ್ಚಿತು. ನೋವು! ಎಷ್ಟು ದಿನವಾಗಿತ್ತು...

ಮರುದಿನ ಬೆಳಗ್ಗೆ ಅವಳು ಆಸ್ಪತ್ರೆಗೆ ಹೋಗದೆ ನೇರ ಗ್ಯಾರೇಜಿಗೆ ಬಂದಳು. ಖಾಲಿ ಡಬ್ಬವನ್ನು ಅವನ ಮುಂದಿಟ್ಟಳು.

"ನಾನೇ ಹಾಕಿದ್ದು. ಮೂರು ಭಾನುವಾರ. ನೀವು ಬೇಡ ಅಂದಿದ್ದು ನೆನಪಿತ್ತು. ನಿಮ್ಮ ಅಂದಾಜು ಸರಿಯಾಗೇ ಇತ್ತು."

ಅವನು ಡಬ್ಬ ಬಗ್ಗಿಸಿ, ಕೊನೆಯ ಹನಿಯನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿದ.

"ಒಂದು ತಿಂಗಳು," ಎಂದ. "ಒಂದು ತಿಂಗಳಿಂದ ನನ್ನ ಕೈಯನ್ನ ನಾನೇ ಬೈಕೊಂಡೆ. ನೀವು ಆ ಸ್ಟೂಲ್ ಮೇಲೆ ಕೂತು ನೋಡ್ತಾ ಇದ್ರಿ."

"ಇದ್ದೆ."

"ಯಾಕೆ ಹೇಳಲಿಲ್ಲ?"

"ಮೊದಲನೇ ದಿನ ಏನೂ ಅನ್ನಿಸಲಿಲ್ಲ, ಅದಕ್ಕೇ. ಆಮೇಲೆ... ಹೇಳಿದ್ರೆ ಇಲ್ಲಿಗೆ ಬರೋದು ನಿಂತುಹೋಗುತ್ತೆ ಅಂತ ಭಯ ಆಯ್ತು. ಅಪ್ಪ ಹೋದ ಮೇಲೆ ನನಗೆ ಅನ್ನಿಸಿದ್ದು ಅದೊಂದೇ. ನಿಮ್ಮನ್ನ ಕಳ್ಕೊಳ್ಳೋ ಭಯ." ಉಸಿರು ಎಳೆದುಕೊಂಡಳು. "ಅಣ್ಣನಿಗೂ ಹೇಳಿ ಬಂದೆ. ಕ್ಷಮೆ ಕೇಳೋಕೆ ಬರ್ತಾನೆ."

ಅವನು ಎದ್ದು ಒಳಗೆ ಹೋದ. ಮುಗಿಯಿತು ಎಂದುಕೊಂಡಳು. ಕಾಲು ಮಾತ್ರ ಬಾಗಿಲ ಕಡೆ ಹೊರಳಲಿಲ್ಲ.

ಅವನು ವಾಪಸ್ ಬಂದಾಗ ಕೈಯಲ್ಲಿ ದಪ್ಪ ಎಣ್ಣೆಯ ಡಬ್ಬ ಮತ್ತು ಲಾಳಿಕೆ ಇತ್ತು. ಎರಡನ್ನೂ ಅವಳ ಕೈಗೆ ಕೊಟ್ಟ.

"ನೀವೇ ಹಾಕಿ. ನಿಧಾನಕ್ಕೆ."

ದನಿಯಲ್ಲಿ ಕೋಪ ಇಳಿದಿರಲಿಲ್ಲ. ಮತ್ತೆ ಜೋಡಿಸಿ ಮುಗಿಸಿದ್ದ ಇಂಜಿನ್ನಿಗೆ ಅವಳು ಸುರಿದಳು. ಜೇನಿನಂತೆ ಅದು ತನ್ನ ಪಾಡಿಗೆ ತಾನು ಇಳಿಯಿತು. ಅವನು ಚಾವಿ ತಿರುಗಿಸಿ, ಮರದ ಕಡ್ಡಿಯನ್ನು ಅವಳ ಕಿವಿಗಿಟ್ಟ.

ಒಳಗಿಂದ ಮೃದುವಾದ, ಒಂದೇ ಸಮನಾದ ಗುನುಗು... ಭಾನುವಾರದ ಬೆಳಗು. ತಾನಿನ್ನೂ ಹಾಸಿಗೆಯಲ್ಲಿ, ಶೆಡ್ಡಿನಲ್ಲಿ ಅಪ್ಪ. 'ಪುಟ್ಟಿ, ಏಳಮ್ಮಾ, ಅಜ್ಜಿ ಎದ್ದಾಯ್ತು!'

ನಾಲ್ಕು ತಿಂಗಳು ಬಾರದ ಅಳು, ಆಮೇಲಿನ ಮೂರು ತಿಂಗಳದ್ದೂ ಸೇರಿಸಿಕೊಂಡು ಬಂತು. ಭುಜ ಕುಲುಕಿ ಅತ್ತಳು. ಅವನು ಕಣ್ಣೊರೆಸಲು ಬಟ್ಟೆ ಚಾಚಿ, ಅದು ಮಸಿಬಟ್ಟೆ ಎಂದು ಕಂಡು ಹಿಂದಕ್ಕೆಳೆದುಕೊಂಡು, ತನ್ನ ಅಂಗಿಯ ತೋಳನ್ನೇ ಕೊಟ್ಟ.

ಇಂಜಿನ್ ಓಡುತ್ತಲೇ ಇತ್ತು. ಅವನು ಅವಳ ಇನ್ನೊಂದು ಕಿವಿಯ ಹತ್ತಿರ ಬಗ್ಗಿದ.

"ಗಾಡಿ ರೆಡಿ ಆಯ್ತು. ನಾಳೆಯಿಂದ ನೀವು ಬರೋಕೆ ಕಾರಣ ಇಲ್ಲ." ಸ್ಟೂಲಿನ ಕಡೆ ನೋಡಿದ. "ಕೋಪ ಇನ್ನೂ ಇದೆ. ಆದ್ರೂ ಆ ಸ್ಟೂಲ್ ಖಾಲಿ ಇರೋದು ನನ್ನ ಕೈಲಿ ನೋಡೋಕಾಗಲ್ಲ. ದಿನಾ ಬರ್ತೀರಾ? ಕೇಳಿಸ್ತಾ?"

ಅವಳು ಕಡ್ಡಿಯನ್ನು ಕಿವಿಯಿಂದ ತೆಗೆಯಲಿಲ್ಲ, ಅಳುವನ್ನೂ ನಿಲ್ಲಿಸಲಿಲ್ಲ. ಮೆಲ್ಲಗೆ ಬೆರಳೆತ್ತಿದಳು.