ಕಿರುಬೆರಳಿನಷ್ಟು ಸಂದಿ

“ಅಮ್ಮಾ, ಬೇಗ ಬಾ! ಈ ಅಚ್ಚು ಎಲ್ಲೋ ಸೋರ್ತಿದೆ!”

ಅಂಗಡಿಯಲ್ಲಿ ಬತ್ತಿಯ ದಾರ ಕತ್ತರಿಸುತ್ತಿದ್ದ ಅಮ್ಮ ಓಡಿ ಬಂದಳು. ಮನೆಯ ಮುಂದಿನ ಕೋಣೆ ಅವಳ ಮೇಣದಬತ್ತಿ ಅಂಗಡಿ, ಹಿಂದಿನ ಕೋಣೆ ಬತ್ತಿ ಮಾಡುವ ಜಾಗ. ಅಲ್ಲಿ ಚೂಟಿ ದಪ್ಪ ಅಚ್ಚಿನೊಳಗೆ ಇಣುಕುತ್ತಿದ್ದಳು. ಕರಗಿದ ನೀಲಿ ಮೇಣವನ್ನೆಲ್ಲ ಸುರಿದಾಗಿತ್ತು. ಅಚ್ಚು ಮಾತ್ರ ಅರ್ಧವೇ ತುಂಬಿತ್ತು.

ಅಮ್ಮ ಅಚ್ಚಿನ ಸುತ್ತ ಬಗ್ಗಿ ನೋಡಿದಳು. “ಒಂದು ತೊಟ್ಟೂ ಸೋರಿಲ್ಲ ಕಣೇ.”

“ಹಾಗಾದ್ರೆ ನನ್ನ ಮೇಣ ಎಲ್ಲಿಗೆ ಹೋಯ್ತು?”

ಚೂಟಿಗೆ ಅಳುವೇ ಬಂತು. ನಾಳೆ ಶಾಲೆಯಲ್ಲಿ ನಾಟಕ. ಕೊನೆಯಲ್ಲಿ ಲೈಟೆಲ್ಲ ಆರಿ, ಒಂದೇ ಒಂದು ಮೇಣದಬತ್ತಿ ಉರಿಯಬೇಕು. ಅಮ್ಮ ಮಾಡಿಕೊಟ್ಟಿದ್ದ ಎರಡು ಗೇಣು ಉದ್ದದ ಸಣಕಲು ಬತ್ತಿ ಇವತ್ತು ರಿಹರ್ಸಲ್‌ನಲ್ಲಿ ದೊಪ್ಪನೆ ಬಿದ್ದು ಮುರಿದಿತ್ತು. “ಬತ್ತಿ ಸಹವಾಸವೇ ಬೇಡ, ಟಾರ್ಚ್ ಇಡೋಣ,” ಅಂದಿದ್ದರು ಮೇಷ್ಟ್ರು.

“ಬೇಡ ಸಾರ್! ಇದನ್ನೇ ಕರಗಿಸಿ ಗಟ್ಟಿಮುಟ್ಟಾಗಿ ಮಾಡ್ಕೊಂಡು ಬರ್ತೀನಿ. ಉದ್ದ ಅರ್ಧ, ಅಗಲ ಡಬಲ್. ಅಲ್ಲಿಗಲ್ಲಿಗೆ ಸರಿಹೋಗುತ್ತೆ!” ಎಂದು ಚೂಟಿ ಇಡೀ ಕ್ಲಾಸಿನ ಮುಂದೆ ಜಂಬ ಕೊಚ್ಚಿಕೊಂಡಿದ್ದಳು.

“ಒಂದು ಗೇಣಾದ್ರೂ ಎತ್ತರ ಇರಲಿ. ಇಲ್ಲದಿದ್ರೆ ಹಿಂದಿನ ಬೆಂಚಿಗೆ ಕಾಣಲ್ಲ,” ಅಂದಿದ್ದರು ಅವರು.

ಈಗ ನೋಡಿದರೆ ಅರ್ಧ ಗೇಣು! ಮನೆಯಲ್ಲಿ ಬೇರೆ ಮೇಣ ಒಂದು ಚೂರೂ ಇಲ್ಲ. ಹೊಸದು ಬರುವುದು ಮುಂದಿನ ವಾರ.

“ಗಟ್ಟಿಯಾಗೋ ಮೊದಲು ಪಾತ್ರೆಗೆ ವಾಪಸ್ ಸುರಿಯೋಣ,” ಎಂದಳು ಅಮ್ಮ. “ಮೇಣ ಎಷ್ಟು ಸಲ ಕರಗಿಸಿದ್ರೂ ಮುಖ ಊದಿಸ್ಕೊಳ್ಳಲ್ಲ. ನಿನ್ನ ಹಾಗಲ್ಲ.”

ಚೂಟಿಗೆ ನಗು ಬರಲಿಲ್ಲ. ಖಾಲಿಯಾದ ದಪ್ಪ ಅಚ್ಚು ಆರಿದ ಮೇಲೆ ಅದನ್ನೂ, ಸಣಕಲು ಬತ್ತಿ ಎರೆದಿದ್ದ ಸಣ್ಣ ಅಚ್ಚನ್ನೂ ಮುಂದಿಟ್ಟುಕೊಂಡು ನೆಲದ ಮೇಲೆ ಕುಳಿತಳು. ನೆಲಕ್ಕೆ ಹಾಕಿದ್ದು ಅಂಗೈ ಅಗಲದ ಚೌಕ ಟೈಲ್ಸ್. ಸಣ್ಣ ಅಚ್ಚು ಒಂದೇ ಟೈಲಿನೊಳಗೆ, ನಾಲ್ಕೂ ಅಂಚು ಮುಟ್ಟಿಕೊಂಡು ನಿಂತಿತು. ದಪ್ಪ ಅಚ್ಚಿಗೆ ಎರಡು ಟೈಲ್ ಬೇಕಾದೀತು ಅಂದುಕೊಂಡು ಇಟ್ಟಳು.

ಅದು ನಾಲ್ಕು ಟೈಲ್ ಹಿಡಿಯಿತು!

“ಅಮ್ಮಾ, ಇದು ಈ ಕಡೆನೂ ಡಬಲ್ ಆಗಿದೆ, ಆ ಕಡೆನೂ ಡಬಲ್ ಆಗಿದೆ!”

“ಹೌದಲ್ವೇ!” ಅಮ್ಮನೂ ಬಗ್ಗಿದಳು. “ಉದ್ದ ಆದ್ರೆ ಮೇಲಕ್ಕೆ ಮಾತ್ರ ಹೋಗುತ್ತೆ.”

ಹಾಗಾದರೆ ಮೂರರಷ್ಟು ಅಗಲವಾದರೆ? ಚೂಟಿ ಎಣಿಸಿದಳು. ಒಂಬತ್ತು ಟೈಲ್! ಹತ್ತರಷ್ಟಾದರೆ? ಮಂಡಿಯೂರಿ ಎಣಿಸುತ್ತ ಬಾಗಿಲವರೆಗೂ ಹೋದಳು. ನೂರು! ಅವಳ ಮೈ ಜುಮ್ಮೆಂದಿತು. ದಿನಾ ತುಳಿದಾಡುವ ನೆಲದಲ್ಲಿ ಇಷ್ಟೆಲ್ಲ ಅಡಗಿತ್ತೇ!

ಆದರೆ ನಾಳೆಯ ಬತ್ತಿ? ಉದ್ದ ಅರ್ಧವಾದರೆ ಅದರ ತಳಕ್ಕೆ ನಾಲ್ಕರಷ್ಟಲ್ಲ, ಎರಡರಷ್ಟು ಜಾಗ ಸಾಕು. ಚೂಟಿ ಸಣ್ಣ ಅಚ್ಚಿನ ತುಂಬ ನೀರು ಹಿಡಿದು ಮನೆಯಲ್ಲಿದ್ದ ಡಬ್ಬಿಗಳಿಗೆಲ್ಲ ಸುರಿದು ನೋಡಿದಳು. ಒಂದರಲ್ಲಿ ನೀರು ಗೇಣಿಗಿಂತ ಕೆಳಗೇ ನಿಂತಿತು, ಇನ್ನೊಂದರಲ್ಲಿ ಉಕ್ಕಿ ಚೆಲ್ಲಿತು. ಅಡುಗೆಮನೆಯೆಲ್ಲ ಕೆರೆಯಾಯಿತು. ಕೊನೆಗೆ ಬಿಸ್ಕತ್ತಿನ ಹಳೇ ಡಬ್ಬಿಯಲ್ಲಿ ನೀರು ಸರಿಯಾಗಿ ಒಂದು ಗೇಣಿಗೆ ಬಂದು ನಿಂತಿತು.

“ಇದಾ? ಇದು ಸಣ್ಣ ಅಚ್ಚಿಗಿಂತ ಅಂಥಾ ದಪ್ಪವೇನೂ ಇಲ್ವಲ್ಲ!”

“ಚೆನ್ನಾಗಿ ಒರೆಸು. ಒಂದು ಹನಿ ನೀರಿದ್ರೂ ಬಿಸಿ ಮೇಣ ಸಿಡಿಯುತ್ತೆ,” ಎಂದಳು ಅಮ್ಮ.

ಒರೆಸಿದ ಮೇಲೂ ಚೂಟಿಗೆ ನಂಬಿಕೆ ಬರಲಿಲ್ಲ. ಸಣ್ಣ ಅಚ್ಚನ್ನು ಡಬ್ಬಿಯ ನಡುವೆ ಇಳಿಸಿದಳು. ಅಚ್ಚಿನ ಅರ್ಧ ಒಳಗೆ ಹೋಯಿತು, ಇನ್ನರ್ಧ ಹೊರಗೆ ಕತ್ತೆತ್ತಿ ನಿಂತಿತು. ಸುತ್ತಲಿನ ಸಂದಿಯಲ್ಲಿ ಕಿರುಬೆರಳು ತೂರಿಸಿದಳು. ಅದೊಂದೇ ಹಿಡಿಯಿತು. ಹೊರಗುಳಿದ ಗೇಣುದ್ದದ ಅಚ್ಚಿನಲ್ಲಿ ಹಿಡಿಯುವ ಮೇಣವೆಲ್ಲ ಇಷ್ಟು ಸಂದಿಯಲ್ಲಿ ಹೋಗಿ ಕೂರುತ್ತದೆಯೇ?

ಅಮ್ಮ ಅಚ್ಚನ್ನು ಹೊರಗೆ ತೆಗೆದು ಡಬ್ಬಿಗೆ ಮೇಣ ಸುರಿದಳು. ಚೂಟಿ ಉಸಿರು ಬಿಗಿಹಿಡಿದು ನೋಡಿದಳು. ಪಾತ್ರೆ ಖಾಲಿಯಾಗುವುದಕ್ಕೂ ನೀಲಿ ಮೇಣ ಒಂದು ಗೇಣಿಗೆ ಏರುವುದಕ್ಕೂ ಸರಿಹೋಯಿತು.

ಮರುದಿನ ನಾಟಕದ ಕೊನೆಯಲ್ಲಿ ಲೈಟೆಲ್ಲ ಆರಿತು. ಬತ್ತಿ ಅಲುಗಾಡದೆ ನಿಂತು ಉರಿಯಿತು. ಹಿಂದಿನ ಬೆಂಚಿನ ಮುಖಗಳೂ ಕಾಣುತ್ತಿದ್ದವು. ಎಲ್ಲರೂ ಬೆಳಕನ್ನೇ ನೋಡುತ್ತಿದ್ದರು. ಪರದೆಯ ಮರೆಯಲ್ಲಿ ನಿಂತಿದ್ದ ಚೂಟಿ ಮಾತ್ರ ಅದೇ ಬೆಳಕಿನಲ್ಲಿ ತನ್ನ ಕಿರುಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು.