ಬಾಟಲಿ ಖಾಲಿ ಮಾಡಿದವನು

ಬೆಳಗ್ಗೆ ಅಂಗಡಿಯ ಬಾಗಿಲು ತೆರೆದವಳು ಹಾಗೇ ನಿಂತುಬಿಟ್ಟಳು.

ಎದುರಿಗೆ ಒಬ್ಬ ಸುಂದರಾಂಗ... ಕೈಯಲ್ಲಿ ಖಾಲಿ ವೈನ್ ಬಾಟಲಿ!

ಖಾಲಿ ಬಾಟಲಿ ಬೇಕೆಂಬ ಬೋರ್ಡ್ ನೋಡಿ ಬಂದೆ ಎಂದ. ರಸ್ತೆಯಾಚೆ ಹೊಸದಾಗಿ ಕನ್ನಡಕದಂಗಡಿ ಇಟ್ಟವನು ತಾನೇ ಎಂದೂ ಹೇಳಿಕೊಂಡ. ಬಾಟಲಿ ಕೊಡುವಾಗ ಬೆರಳಿಗೆ ಬೆರಳು ತಾಗಿತು. ಅವಳ ಎದೆ ಢವಢವ ಎಂದಿತು. ಅದೇ ಗಳಿಗೆಯಲ್ಲಿ ಅವನ ಅಂಗಿಯಿಂದ ವೈನಿನ ವಾಸನೆ ಬಂದು ಮೂಗಿಗೆ ಬಡಿಯಿತು.

‘ಅಯ್ಯೋ ದೇವರೇ... ಬೆಳಬೆಳಗ್ಗೆಯೇ ಏರಿಸಿಕೊಂಡು ಬಂದಿದ್ದಾನಲ್ಲ!’

ಆ ಪುಟ್ಟ ಅಂಗಡಿ ಅಕ್ಕ ತಂಗಿಯರದು; ಬಾಗಿಲು ತೆರೆದವಳು ತಂಗಿ. ಅಕ್ಕ ಬಾಟಲಿಗಳನ್ನು ಬಿಸಿ ಸೋಪಿನ ನೀರಲ್ಲಿ ನೆನೆಹಾಕಿ ಲೇಬಲ್ ಕೀಳುತ್ತಾಳೆ. ಜಪ್ಪಯ್ಯ ಎಂದರೂ ಬಿಡದ ಅಂಟಿಗೆ ಅಡುಗೆ ಎಣ್ಣೆ, ಸೋಡಾ ಹಚ್ಚಿ ತಿಕ್ಕುತ್ತಾಳೆ. ತಂಗಿ ಗಾಜನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಹೂವು, ಬಳ್ಳಿ, ಹಕ್ಕಿ ಬರೆದು, ಕತ್ತಿಗೆ ಸೆಣಬಿನ ದಾರ ಸುತ್ತಿ, ಒಳಗೆ ಪುಟ್ಟ ಬಲ್ಬುಗಳ ಸರ ಇಳಿಬಿಡುತ್ತಾಳೆ. ವೈನ್ ಬಾಟಲಿಯಿಂದ ಯಾರದ್ದಾದರೂ ಮನೆ ಬೆಳಗಿದ್ದನ್ನು ತಾನು ನೋಡಿದ್ದು ಇಲ್ಲೇ ಎನ್ನುತ್ತಿದ್ದಳು ಅಕ್ಕ.

ಅಕ್ಕ ಹಾಗೆನ್ನುವುದಕ್ಕೆ ಕಾರಣವಿತ್ತು. ಗಂಡನ ಕುಡಿತ ತಾಳಲಾರದೆ ಅವಳು ಮನೆ ಬಿಟ್ಟು ಬಂದವಳು. ಬಂದ ದಿನವೇ ತಂಗಿಯ ಕೈ ಹಿಡಿದು, ಕುಡಿಯುವವನನ್ನು ಮಾತ್ರ ಕಟ್ಟಿಕೊಳ್ಳಬೇಡ ಎಂದು ಮಾತು ತೆಗೆದುಕೊಂಡಿದ್ದಳು. ತಂಗಿ ಆಣೆಯಿಟ್ಟು ಮಾತು ಕೊಟ್ಟಿದ್ದಳು.

ಈ ಮಹಾರಾಯನೋ ಮತ್ತೆ ಮತ್ತೆ ಬಂದ. ಬಿಳಿ ಹೂವಿಗೆ ಉದ್ದ ಕತ್ತಿನ ಹಸಿರು ಬಾಟಲಿಯೇ ಚೆಂದ ಎಂದು ಅವಳು ಬಾಯ್ತಪ್ಪಿ ಅಂದಿದ್ದೇ ತಡ, ಮರುದಿನ ಅಂಥವೇ ಎರಡು ಹಿಡಿದು ಹಾಜರಾದ. ಸ್ಟೂಲಿನ ಮೇಲೆ ಕೂತು ಗಿರಾಕಿಗಳ ಕಥೆ ಹೇಳಿದ. ಗಂಡನ ಮುಖ ಸ್ಪಷ್ಟವಾಗಿ ಕಾಣದ ಹಾಗೆ ಕನ್ನಡಕದ ನಂಬರ್ ಕಡಿಮೆ ಮಾಡಿಕೊಡಿ ಎಂದು ಕೇಳಿದ ಹೆಂಗಸಿನ ಕಥೆಗಂತೂ ತಂಗಿ ಎಷ್ಟು ನಕ್ಕಳೆಂದರೆ, ಬರೆಯುತ್ತಿದ್ದ ಗುಲಾಬಿ ಎಲೆಕೋಸಾಯಿತು.

ಅವನು ಹೋದ ಮೇಲೆ ಅಕ್ಕ ಬಾಟಲಿಯ ಬಾಯಿ ಮೂಸಿ ನೋಡಿದಳು.

“ಒಳಗೆ ಇನ್ನೂ ಹಸಿ ಆರಿಲ್ಲ. ಈಗ ತಾನೇ ಮುಗಿಸಿದ್ದಾನೆ. ನಮ್ಮನೆಯವರು ಸಂಜೆವರೆಗಾದ್ರೂ ಕಾಯ್ತಿದ್ರು ಕಣೇ.”

ಆತ ತೂರಾಡುವುದಿಲ್ಲವಲ್ಲ ಎಂದು ತಂಗಿ ಮೆಲ್ಲಗೆ ವಾದಿಸಿದಳು. ಪಳಗಿದವರು ತೂರಾಡುವುದಿಲ್ಲ ಎಂದಳು ಅಕ್ಕ. ಅನುಭವಸ್ಥೆಯ ಮುಂದೆ ವಾದವೇ?

ಒಂದು ದಿನ ಅವನು ನೀಟಾಗಿ ತಲೆ ಬಾಚಿಕೊಂಡು ಬಂದ. ಬಾಟಲಿಯನ್ನು ಮೇಜಿನ ಮೇಲಿಟ್ಟು, “ನಿಮ್ಮ ಹತ್ರ ಒಂದು ಮಾತು...” ಎಂದು ಶುರುಮಾಡಿದ.

ಯಾವ ಮಾತೆಂದು ಅವಳಿಗೆ ಗೊತ್ತಿತ್ತು. ಕೇಳಿಸಿಕೊಂಡರೆ ಹೂಂ ಅಂದುಬಿಡುತ್ತೇನೆ ಎಂದೂ ಗೊತ್ತಿತ್ತು. ಬಕೆಟ್ಟಿನ ಮುಂದೆ ಕೂತಿದ್ದ ಅಕ್ಕನ ಕೈ ತಿಕ್ಕುವುದನ್ನು ನಿಲ್ಲಿಸಿತ್ತು.

“ಇನ್ಮೇಲೆ ಬಾಟಲಿ ತರಬೇಡಿ.”

“ಯಾಕೆ, ಚೆನ್ನಾಗಿಲ್ವಾ?”

“ಬಾಟಲಿ ಚೆನ್ನಾಗಿದೆ. ನೀವು ಬರೋದು ಬೇಡ.”

ಅವನ ಮುಖ ಸಣ್ಣಗಾಯಿತು. ಬಾಟಲಿಯನ್ನು ಅಲ್ಲೇ ಬಿಟ್ಟು ಹೊರಟುಹೋದ. ಅವಳು ಬಿಕ್ಕಿ ಬಿಕ್ಕಿ ಅತ್ತಳು. ಆ ವಾರ ಅವಳು ಬರೆದ ಗಿಳಿಗಳೆಲ್ಲ ಕಾಗೆಯ ಹಾಗೆ ಕಂಡವು. ಒಂದೂ ಮಾರಾಟವಾಗಲಿಲ್ಲ.

ವಾರದ ಕೊನೆಗೆ ದಪ್ಪನೆಯ ಹೆಂಗಸೊಬ್ಬರು ಮುಚ್ಚಳ ಮುಚ್ಚಿದ ಪಾತ್ರೆ ಹೊತ್ತು ಅಂಗಡಿಗೆ ನುಗ್ಗಿದರು. ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿ, ತಾನು ಕನ್ನಡಕದಂಗಡಿಯವನ ತಾಯಿ ಎಂದರು.

“ಬಾಟಲಿ ಮಾತ್ರ ಇಸ್ಕೊಂಡ್ರೆ ಹೇಗಮ್ಮ? ಒಳಗಿದ್ದಿದ್ದನ್ನೂ ತಗೊಳ್ಳಿ.”

ಮುಚ್ಚಳ ತೆಗೆದರೆ... ಅಂಚಿನವರೆಗೂ ವೈನ್!

ಮಗ ಹನಿ ಮುಟ್ಟಿದವನಲ್ಲವಂತೆ. ಈ ಅಂಗಡಿಗೆ ಬರಲು ಬೇರೆ ನೆಪ ಸಿಗದೆ ತುಂಬಿದ ಬಾಟಲಿಗಳನ್ನೇ ಕೊಂಡು ತಂದನಂತೆ. ದುಡ್ಡು ಕೊಟ್ಟು ತಂದದ್ದನ್ನು ಚೆಲ್ಲಲು ಮನಸ್ಸು ಬಾರದೆ ಬೆಳಗಾದರೆ ಅಂಗಿಯ ಮೇಲೆಲ್ಲ ಚೆಲ್ಲಿಕೊಂಡು ಹಾಲಿನ ಪಾತ್ರೆಗೆ, ಅನ್ನದ ಪಾತ್ರೆಗೆ, ನೀರಿನ ಬಿಂದಿಗೆಗೆ, ಕೊನೆಗೆ ಸ್ನಾನದ ಬಕೆಟ್ಟಿಗೂ ಸುರಿದಿಟ್ಟನಂತೆ.

“ಅವನು ಒಂದು ವಾರದಿಂದ ಊಟ ಬಿಟ್ಟು ಕೂತಿದ್ದಾನೆ. ಮಾಡಿ ಹಾಕೋಣ ಅಂದ್ರೆ ಮನೇಲಿ ಪಾತ್ರೆ ಇಲ್ಲ.”

ಈಚಲು ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಜನ ಹೆಂಡ ಎನ್ನುತ್ತಾರೆ. ಈ ಪುಣ್ಯಾತ್ಮ ಮಜ್ಜಿಗೆಯನ್ನೂ ಕುಡಿದಿರಲಿಲ್ಲ.

ಅಕ್ಕ ಪಾತ್ರೆಯನ್ನು ಬಗ್ಗಿ ನೋಡಿದಳು. ಮೂಸಿದಳು. ಆಮೇಲೆ ಸ್ಟೂಲಿನ ಮೇಲೆ ಕುಸಿದು ಕೂತಳು.

“ಇವನು ಕುಡುಕ ಅಲ್ಲ ಕಣೇ, ಪೆದ್ದ,” ಎಂದಳು. ಕಣ್ಣು ಒದ್ದೆಯಾಗಿತ್ತು. “ಪೆದ್ದನ ಜೊತೆ ಬಾಳಬಹುದು. ಹೋಗು.”

ತಂಗಿ ಕೈಗಂಟಿದ ಬಣ್ಣವನ್ನೂ ಒರೆಸಿಕೊಳ್ಳದೆ ರಸ್ತೆ ದಾಟಿ ಓಡಿದಳು.

ಅವನು ಒರೆಸಿದ ಗಾಜನ್ನೇ ಒರೆಸುತ್ತ ಕೂತಿದ್ದ.

“ನಿಮ್ಮಮ್ಮ ಬಂದಿದ್ರು,” ಎಂದಳು ಏದುಸಿರು ಬಿಡುತ್ತ. “ಪಾತ್ರೆ ಸಮೇತ.”

ಅವನು ಕಿವಿಯವರೆಗೂ ಕೆಂಪಾದ. ಅವಳು ಅಕ್ಕನ ಸಂಸಾರದ ಕಥೆ, ತನ್ನ ಆಣೆ, ಎಲ್ಲವನ್ನೂ ಹೇಳಿದಳು.

“ನನ್ನನ್ನ ಒಂದು ಮಾತು ಕೇಳಬಹುದಿತ್ತು,” ಎಂದ ನೊಂದುಕೊಂಡು.

“ಕೇಳಬೇಕಿತ್ತು. ತಪ್ಪು ನಂದೇ. ನೀವಾದ್ರೂ ನೆಪ ಬಿಟ್ಟು ನೇರವಾಗಿ ಹೇಳಬಹುದಿತ್ತಲ್ಲ?”

“ಧೈರ್ಯ ಬರಲಿಲ್ಲ.”

“ಧೈರ್ಯ ಬರಲಿ ಅಂತಾನೇ ಅಲ್ವಾ ಜನ ಅದನ್ನ ಕುಡಿಯೋದು?”

“ಸುರಿಯುವಾಗ ಆ ವಾಸನೆಗೇ ನಂಗೆ ತಲೆ ತಿರುಗ್ತಿತ್ತು.”

ಅವಳಿಗೆ ನಗುವೂ ಬಂತು, ಅಳುವೂ ಬಂತು.

“ನಂಗೆ ನೀವಂದ್ರೆ ಇಷ್ಟ,” ಎಂದಳು. “ಕುಡುಕ ಅಂದ್ಕೊಂಡಾಗಲೂ ಇಷ್ಟ ಇತ್ತು. ಅದಕ್ಕೇ ಅಷ್ಟು ಭಯ ಆಗಿದ್ದು.”

ಅವನು ಎದ್ದು ಬಂದು ಬಣ್ಣದ ಸಮೇತ ಅವಳ ಕೈ ಹಿಡಿದುಕೊಂಡ.

“ನಾಳೆ ಬರಿಗೈಲಿ ಬನ್ನಿ,” ಎಂದಳು.

“ಯಾಕೆ ಬಂದೆ ಅಂತ ನಿಮ್ಮಕ್ಕ ಕೇಳಿದ್ರೆ?”

“ನನ್ನ ನೋಡೋಕೆ ಅನ್ನಿ.”

“ಅಷ್ಟೇ ಸಾಕಾ?”

“ನಂಗೆ ಸಾಕು,” ಎಂದಳು ಅವಳು.