ಹಿಡಿತ ಬಿಟ್ಟ ಸ್ಥಿರಹಸ್ತ

“ಏಳನೇತ್ತೆಗೇ ಸಾಲಿ ಬಿಟ್ಟು ಓಡಿಬಂದಾಂವಗ ಸೈಕಲ್ ಮಾಡೂ ಹುಚ್ಚು! ಇದಕ್ಕ ಸೈಕಲ್ ಅಂತಾರೇನಲೇ? ಹೊರಸಿಗೆ ಗಾಲಿ ಕಟ್ಟಿ ತಂದೀದಿ!”

ಪರೀಕ್ಷಾಧಿಕಾರಿ ಬೆಣಕಲ್ಲರ ಮಾತಿಗೆ, ಹುಬ್ಬಳ್ಳಿಯ ವಾಹನ ಪರೀಕ್ಷಾ ಬಯಲಿನಲ್ಲಿ ಸರದಿ ನಿಂತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಪರೀಕ್ಷೆಯ ಓಟದಲ್ಲಿ ತನ್ನ ಸೈಕಲ್ಲಿನಿಂದ ಬಿದ್ದಿದ್ದ ಫಕ್ಕೀರೇಶ ಮೊಣಕಾಲಿನ ಮಣ್ಣು ಕೊಡವಿ ಎದ್ದ.

“ಎಂಟ ದಿನ ಬಿಟ್ಟು ಬಾ. ಮತ್ತ ಬಿದ್ದರ ಇದನ್ನ ತುಂಡ ಮಾಡಿಸಿ ಗುಜರಿಗೆ ಹಾಕಸ್ತೀನಿ,” ಎಂದರು ಬೆಣಕಲ್.

ಆ ಕಾಲದಲ್ಲಿ ಸ್ಥಿರಹಸ್ತವಿಲ್ಲದ ಸೈಕಲ್ ರಸ್ತೆಗಿಳಿಯುವಂತಿರಲಿಲ್ಲ. ಅಂಗೈಯಗಲದ ಆ ಪೆಟ್ಟಿಗೆ ಹ್ಯಾಂಡಲಿನ ಬುಡದಲ್ಲಿ ಕೂತು, ಸೆಕೆಂಡಿಗೆ ಸಾವಿರ ಸಲ ವಾಲಿಕೆಯನ್ನು ಅಳೆದು, ಹ್ಯಾಂಡಲನ್ನು ತಾನೇ ತಿರುಗಿಸುತ್ತಿತ್ತು. ಇಪ್ಪತ್ತು ವರ್ಷಗಳಿಂದ ಊರಿನಲ್ಲಿ ಯಾರೂ ಸೈಕಲ್ಲಿನಿಂದ ಬಿದ್ದಿರಲಿಲ್ಲ. ಬೀಳದಂತೆ ಹೊಡೆಯುವುದನ್ನು ಯಾರೂ ಕಲಿತಿರಲೂ ಇಲ್ಲ.

ಗೇಟು ಬೆಸೆಯುವಾಗ ಅಟ್ಟಣಿಗೆಯಿಂದ ಬಿದ್ದು ಸೊಂಟ ಮುರಿದುಕೊಂಡ ಫಕ್ಕೀರೇಶನಿಗೆ ನೆಟ್ಟಗೆ ಕೂರುವ ಸೈಕಲ್ ಆಗುತ್ತಿರಲಿಲ್ಲ. ಒರಗಿ ಕೂತು ತುಳಿಯುವ ಸೈಕಲ್ಲನ್ನು ತಾನೇ ಬೆಸೆದಿದ್ದ. ಅದರಲ್ಲಿ ಪೆಡಲು, ಚೈನು ಎಲ್ಲ ಮುಂದಿನ ಗಾಲಿಗೇ. ಹ್ಯಾಂಡಲ್ ತಿರುಗಿದರೆ ಪೆಡಲೂ ತಿರುಗುತ್ತಿತ್ತು; ಪೆಡಲು ಒತ್ತಿದರೆ ಹ್ಯಾಂಡಲ್ ಪಕ್ಕಕ್ಕೆ ಜಗ್ಗುತ್ತಿತ್ತು. ಅದೊಂದು ಹೋದರೆ ಅವನು ಕೆಲಸಕ್ಕೆ ಹೋಗುವ ದಾರಿಯೇ ಹೋದಂತೆ.

ಮರುದಿನ ಅವನ ಬೆಸುಗೆ ಶೆಡ್ಡಿಗೆ ಬಂದವರು ಡಾ. ಇಂದುಮತಿ ಹಂಪಿಹೊಳಿ. ಸ್ಥಿರಹಸ್ತವನ್ನು ಕಂಡುಹಿಡಿದವರೇ ಅವರು. ಅವನು ಬಿದ್ದ ಸುದ್ದಿ ಅವರ ನಿದ್ದೆ ಕೆಡಿಸಿತ್ತು.

“ಯಾಕ ಬಿದ್ದಿ ತಮ್ಮಾ?”

“ನಾ ಎಲ್ಲಿ ಬಿದ್ದೇನ್ರೀ ಅಕ್ಕಾರ? ನಿಮ್ಮ ಡಬ್ಬಿ ಕೆಡವೇತಿ! ಕಾಲು ಒತ್ತಿದ್ರ ಹ್ಯಾಂಡಲ್ ಜಗ್ಗತೈತಿ, ಕೈ ಅದನ್ನ ತಡೀತೈತಿ. ಕಾಲೂ ಕೈಯೂ ತಮ್ಮ ತಮ್ಮಾಗ ಮಾತಾಡ್ಕೋತಾವು. ನಡುವ ನಿಮ್ಮ ಡಬ್ಬಿ ಬಾಯಿ ಹಾಕತೈತಿ!”

ಇಂದುಮತಿ ನಕ್ಕುಬಿಟ್ಟರು. “ಆ ಜಗ್ಗೂದಕ್ಕ ‘ತುಳಿತದೆಳೆತ’ ಅನ್ನೂಣು. ನೀ ಬೀಳಾಕತ್ತೀದಿ ಅಂತ ನನ್ನ ಯಂತ್ರ ತಪ್ಪು ತಿಳಕೊಂಡೈತಿ. ಎಂಟ ದಿನ ಅದು ಬರೇ ನೋಡಲಿ, ಹ್ಯಾಂಡಲ್ ಮುಟ್ಟೂದು ಬ್ಯಾಡ. ನೀ ಕಲಸು.”

“ನಾ ಕಲಸಬೇಕಾ? ನಾ?”

ಅವನಿಗೆ ಅಂದಿನಿಂದ ಊಟದ ಪರಿವೆಯೂ ಇರಲಿಲ್ಲ. ಹ್ಯಾಂಡಲಿನ ಕಂಬದ ನೇರಕ್ಕೆ ನೆಲದವರೆಗೆ ದಾರ ಹಿಡಿದು, ಅದು ಮುಟ್ಟುವ ಜಾಗಕ್ಕೂ ಟೈರು ಮುಟ್ಟುವ ಜಾಗಕ್ಕೂ ನಡುವಿನ ಅಂತರವನ್ನು ಇಂದುಮತಿ ತೋರಿಸಿದರು. ಅದಕ್ಕೆ ‘ಹಿಂಜಾಡು’ ಎಂದು ಹೆಸರಿಟ್ಟರು. ಹೆಚ್ಚಾದರೆ ಹ್ಯಾಂಡಲ್ ಮಂದ, ಕಡಿಮೆಯಾದರೆ ಚಂಚಲ. ಫಕ್ಕೀರೇಶ ಬೆರಳಿಟ್ಟು ಅಳೆದ, ನಾಲ್ಕು ಬೆರಳು. ಕೊಯ್ದು, ಬೆಸೆದು, ಎರಡಕ್ಕಿಳಿಸಿದ. ಸೈಕಲ್ ಹಾವಿನಂತೆ ಹರಿದು ಗೋಡೆಗೆ ಗುದ್ದಿತು! ಮತ್ತೆ ಕೊಯ್ದ. ಮೂರು ಬೆರಳಿಗೆ ಬಂದಾಗ ಓಟವೇನೋ ನೆಟ್ಟಗಾಯಿತು, ಆದರೆ ನಿಧಾನಿಸಿದ ಕೂಡಲೇ ಹ್ಯಾಂಡಲ್ ಕತ್ತು ಮುರಿದ ಕೋಳಿಯಂತೆ ಪಕ್ಕಕ್ಕೆ ಬೀಳುತ್ತಿತ್ತು. ಹಳೆಯ ಟ್ಯೂಬೊಂದನ್ನು ಪಟ್ಟಿಯಾಗಿ ಸೀಳಿ, ಹ್ಯಾಂಡಲಿನ ಬುಡಕ್ಕೂ ಚೌಕಟ್ಟಿಗೂ ಬಿಗಿದ. ಹ್ಯಾಂಡಲ್ ಎತ್ತ ಹೋದರೂ ರಬ್ಬರು ಮೆತ್ತಗೆ ನಡುವಿಗೆ ಎಳೆದು ತಂದಿತು.

“ಅಕ್ಕಾರ, ನೋಡ್ರೀ! ಒಂದ ಬೆರಳ ಸಾಕು!” ಎಂದು ಕೂಗುತ್ತ ಶೆಡ್ಡಿನ ಮುಂದೆ ಎಂಟರ ಅಂಕಿಯಂತೆ ಸುತ್ತಿನ ಮೇಲೆ ಸುತ್ತು ಹೊಡೆದ. ಪೆಟ್ಟಿಗೆ ಸುಮ್ಮನೆ ನೋಡುತ್ತಿತ್ತು.

ಎಂಟನೆಯ ದಿನ ಇಂದುಮತಿ ಸ್ಥಿರಹಸ್ತಕ್ಕೆ ಮತ್ತೆ ಹ್ಯಾಂಡಲ್ ಒಪ್ಪಿಸಿದರು. ಪರೀಕ್ಷಾ ಬಯಲಿನ ಎರಡು ಬಿಳಿ ಗೀಟುಗಳ ನಡುವಿನ ಗೇಣಗಲದ ಹಾದಿಯಲ್ಲಿ ಫಕ್ಕೀರೇಶ ಬಿಟ್ಟ ಬಾಣದಂತೆ ಹೋದ. ಸರದಿಯವರು ಸಿಳ್ಳೆ ಹಾಕಿದರು. ಬೆಣಕಲ್ ಮುಖ ಹುಳ್ಳಗೆ ಮಾಡಿಕೊಂಡು ಕೈಯಲ್ಲಿದ್ದ ದಾಖಲಾತಿ ಯಂತ್ರಕ್ಕೆ ಹೆಬ್ಬೆರಳೊತ್ತಿ ಪಾಸು ಮಾಡಿದರು. ಪಾಸಾದ ಸೈಕಲ್ಲಿನ ಸ್ಥಿರಹಸ್ತ ಕಲಿತದ್ದು ಆ ಗಳಿಗೆಯೇ ಊರಿನ ಎಲ್ಲ ಸ್ಥಿರಹಸ್ತಗಳಿಗೂ ತಲುಪಬೇಕೆಂಬುದು ನಿಯಮ. ಅದು ಇಂದುಮತಿಯವರೇ ಮಾಡಿದ್ದ ನಿಯಮ, ಈ ಗಡಿಬಿಡಿಯಲ್ಲಿ ಅವರೇ ಮರೆತಿದ್ದರು.

ಬೆಣಕಲ್ ಊಟಕ್ಕೆ ಹೊರಟು ಸೈಕಲ್ ಹತ್ತಿದರು. ನಾಲ್ಕು ಮಾರು ಹೋಗಿ, ತೂರಾಡಿ, ದೊಪ್ಪೆಂದು ಬಿದ್ದರು. ಸರದಿಯಲ್ಲಿದ್ದವರು ಹತ್ತಿದರು, ಬಿದ್ದರು. ಆಚೆ ರಸ್ತೆಯಿಂದಲೂ ದಡಬಡ ಸದ್ದು, “ಅಯ್ಯಯ್ಯೋ” ಎಂಬ ಕೂಗು.

“ಕೆಟ್ಟತೇನ್ರೀ ಮೇಡಂ?” ಬೆಣಕಲ್ ನೆಲದಿಂದಲೇ ಕೇಳಿದರು.

ಇಂದುಮತಿ ಪೆಟ್ಟಿಗೆಯ ದಾಖಲೆ ನೋಡಿ ತಲೆಯ ಮೇಲೆ ಕೈಯಿಟ್ಟುಕೊಂಡರು. “ಕೆಟ್ಟಿಲ್ರೀ. ಈ ಹುಡುಗನ್ನ ಎಂಟ ದಿನ ನೋಡಿ, ಮನಷ್ಯಾರಿಗೆ ತಾವಾಗೇ ತೂಗಿಸ್ಕೊಳ್ಳಾಕ ಬರತೈತಿ ಅಂತ ನಂಬಿಬಿಟ್ಟೈತಿ. ಹಿಡಿತ ಬಿಟ್ಟೈತಿ. ತಿದ್ದಾಕ ತಿಂಗಳರೆ ಬೇಕು.”

ಬಯಲೆಲ್ಲ ಫಕ್ಕೀರೇಶನತ್ತ ತಿರುಗಿತು.

ಅವನು ತನ್ನ ಹ್ಯಾಂಡಲಿನ ಬುಡ ತಡವಿ ರಬ್ಬರು ಪಟ್ಟಿ ಬಿಚ್ಚಿದ. ಬೆಣಕಲ್ಲರ ಸೈಕಲ್ ಎತ್ತಿ ನಿಲ್ಲಿಸಿ, ಪಟ್ಟಿಯನ್ನು ಅದರ ಹ್ಯಾಂಡಲಿಗೆ ಹಲ್ಲು ಕಚ್ಚಿ ಬಿಗಿದ. ಒಂದು ಬೆರಳಲ್ಲಿ ಹ್ಯಾಂಡಲ್ ನೂಕಿದ. ಅದು ತಾನಾಗಿ ನಡುವಿಗೆ ಮರಳಿತು.

ಬೆಣಕಲ್ ಬಾಯಿ ತೆರೆದು ನೋಡಿದರು. “ಇದನ್ನ ಯಾವ ಸಾಲ್ಯಾಗ ಕಲಸ್ತಾರೋ ತಮ್ಮಾ?”

ಪಟ್ಟಿಯಿಲ್ಲದ ಫಕ್ಕೀರೇಶನ ಸೈಕಲ್ಲಿನ ಕತ್ತು ಪಕ್ಕಕ್ಕೆ ವಾಲಿತು. ಅವನು ಅದನ್ನು ಎಡಗೈಯಲ್ಲಿ ನೆಟ್ಟಗೆ ಹಿಡಿದು, ತಳ್ಳಿಕೊಂಡು, ಬಿದ್ದವರ ನಡುವಿನಿಂದ ಹಾದಿ ಮಾಡಿಕೊಳ್ಳುತ್ತ ಗೇಟಿನತ್ತ ನಡೆದುಹೋದ.